ಬೇಡಿ ತಂದ ಬಟ್ಟೆ

ಮಣ್ಣೂರಿನ ನನ್ನ ತವರುಮನೆಯ ಬಚ್ಚಲಲ್ಲಿ ಹಿಮ್ಮಡಿ ತಿಕ್ಕುವ ಕಲ್ಲೊಂದಿತ್ತು. ಭೀಮಾ ದಂಡೆಯಲ್ಲಿ ಸಿಕ್ಕಿದ್ದು. ಒಂದು ಅಂಚು ಚೂಪು, ಇನ್ನೊಂದು ಅಂಗೈಗೆ ಹೇಳಿ ಮಾಡಿಸಿದಂತೆ. ಆಳಂದದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನ್ನಣ್ಣ ಅದನ್ನು ನೋಡಿ ಹೌಹಾರಿದ.

"ಆದಿಮಾನವರ ಕಲ್ಲಿದು ತಂಗಿ! ಬ್ಯಾಟಿ ತೊಗಲು ಇದರಿಂದ ಹೆರೆದು ಮೈಗೆ ಹೊದ್ಕೋತಿದ್ರು. ಅರಿವಿ, ಬಟ್ಟಿ ಅನ್ನೂದು ಶುರು ಆಗಿದ್ದೇ ಹಂಗ."

"ಹಂಗಾದ್ರ ನನ್ನ ಹಿಮ್ಮಡಿ ತೊಗಲಿಲೆ ನಿನಗೊಂದು ಅಂಗಿ ಹೊಲಸ್ತೇನಿ ತಗೋ" ಎಂದು ನಕ್ಕೆ. ಆದರೆ ಅಂದಿನಿಂದ ಆ ಕಲ್ಲು ಹಿಡಿದಾಗಲೆಲ್ಲ ನನ್ನ ಬೆರಳುಗಳ ಕೆಳಗೆ ಬೇರೆ ಬೆರಳುಗಳು ಇದ್ದಂತಾಗಿ ಮೈ ಜುಮ್ಮೆನ್ನುತ್ತಿತ್ತು. ಯಾರಿಗೂ ಹೇಳಲಿಲ್ಲ.

ಅದೇ ಚಳಿಗಾಲ, ದಿನ ತುಂಬುವ ಮೊದಲೇ ಹೆರಿಗೆಯಾಗಿ ಅಫಜಲಪುರದ ದವಾಖಾನೆಯಿಂದ ತವರಿಗೆ ಬಂದೆ. ಕೂಸಿನ ಮೈ ತಣ್ಣಗಾಗಲು ಬಿಡಬೇಡಿ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಮೊದಲ ಕೂಸು ಇದೇ ಮನೆಯಲ್ಲಿ ತೀರಿಕೊಂಡಿತ್ತು. ಅದಕ್ಕೇ ಈ ಸಲ ನಮ್ಮನೆಯ ಬಟ್ಟೆ ಕೂಸಿಗೆ ತಾಗಕೂಡದು, ಮಕ್ಕಳು ಉಳಿದ ಮನೆಯಿಂದ ಬೇಡಿ ತಂದ ಹಳೇ ಬಟ್ಟೆಯನ್ನೇ ಸುತ್ತಬೇಕು ಎಂದು ಆಯಿ, ಅಂದರೆ ಅಪ್ಪನ ತಾಯಿ, ಕಟ್ಟಪ್ಪಣೆ ಮಾಡಿದ್ದಳು.

ತಂದ ಬಟ್ಟೆಯೆಲ್ಲ ಒದ್ದೆಯಾಯಿತು. ಆಯಿ ಮತ್ತೆ ಬೇಡಲು ಹೋದಳು, ಎಷ್ಟು ಹೊತ್ತಾದರೂ ಬರಲಿಲ್ಲ. ಕೂಸಿನ ಪಾದ ತಣ್ಣಗಾದವು. ಟ್ರಂಕಿನ ತುಂಬ ಸೀರೆ, ಮುಟ್ಟುವಂತಿಲ್ಲ! ಸುಟ್ಟು ಹೋಗಲಿ ಈ ಪದ್ಧತಿ ಎಂದು ಬೈದೆ. ಆದರೆ ಟ್ರಂಕು ತೆರೆಯಲು ಧೈರ್ಯ ಬರಲಿಲ್ಲ. ಮೈಯ ತೊಗಲಿಗೆ ಯಾವ ಮನೆಯ ಹಂಗು? ಬಚ್ಚಲಿನ ಎದುರಿಗೇ ಬಗ್ಗಿ ಕುಳಿತು, ಕುಪ್ಪಸ ಬಿಚ್ಚಿ ಕೂಸನ್ನು ಬರಿ ಎದೆಗೆ ಅವಚಿಕೊಂಡೆ.

ಆಗ ಹಸಿ ತೊಗಲಿನ ವಾಸನೆ ಬಂತು, ಜೊತೆಗೆ ಹೊಗೆ. ಬಚ್ಚಲ ಮೂಲೆಯಲ್ಲಿ ಒಬ್ಬಳು ನನ್ನ ಹಾಗೆಯೇ ಬಗ್ಗಿ ಕುಳಿತಿದ್ದಳು. ಮೈಮೇಲೆ ನೂಲಿನ ಎಳೆ ಇಲ್ಲ. ಎದೆಗೆ ಏನನ್ನೋ ಅವಚಿಕೊಂಡಿದ್ದಳು, ಅದು ಅಲುಗುತ್ತಿರಲಿಲ್ಲ. ಇನ್ನೊಂದು ಕೈಯನ್ನು ನನ್ನ ಕೂಸಿನತ್ತ ಚಾಚಿದಳು. ಕೂಸನ್ನು ಇನ್ನಷ್ಟು ಬಿಗಿಯಾಗಿ ಅವಚಿ ಗೋಡೆಗೆ ಸರಿದೆ.

ಬಾಗಿಲು ಕಿರ್ರೆಂದಿತು. ಮೂಲೆ ಖಾಲಿ. ಆಯಿ ಬಟ್ಟೆಯ ಗಂಟು ಇಳಿಸಿ ಕೂಸಿನ ಪಾದ ಮುಟ್ಟಿ, "ಬೆಚ್ಚಗದಾವ" ಎಂದಳು. ನಾನು ಮೂಲೆ ತೋರಿಸಿ, "ಆಯಿ, ಅಲ್ಲಿ ಯಾರೋ ಕುಂತಿದ್ಳು. ಕೂಸು ಬೇಡಿದ್ಳು" ಎಂದೆ. ಹುಚ್ಚಿ ಎಂದು ಬೈಯುತ್ತಾಳೆ ಅಂದುಕೊಂಡಿದ್ದೆ.

ಆಯಿ ಗಂಟಿನಿಂದ ಮೆತ್ತನೆಯ ಒಂದು ಬಟ್ಟೆ ತೆಗೆದು ಪರ್ರೆಂದು ಹರಿದಳು. ಅರ್ಧ ಕೂಸಿಗೆ ಸುತ್ತಿದಳು, ಅರ್ಧ ಆ ಮೂಲೆಯಲ್ಲಿ ಇಟ್ಟಳು.

"ನಿಮ್ಮಪ್ಪ ಹುಟ್ಟಿದಾಗೂ ಬಂದಿದ್ಳು. ಅಕಿ ಬೇಡೂದು ಕೂಸಲ್ಲ, ಅರಿವಿ" ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು, "ಹ್ವಾದ ಸಲ ಕೊಡೂದು ಮರ್ತಿದ್ದೆ, ಯವ್ವಾ."