ಕಾರಿನ ಕೆಳಗೆ ಒಂಬತ್ತು ಇಂಚು ನೆರಳು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಮುಂಡರಗಿ ದಾಟಿ ಕೊರ್ಲಹಳ್ಳಿಗೆ ಹೋಗುವ ರಸ್ತೆಯಿಂದ ಎಡಕ್ಕೆ ಹೊರಳಿದರೆ ಒಂದು ಚಕ್ಕಡಿ ದಾರಿ. ಅದು ಮುಗಿಯುವಲ್ಲಿ ನನ್ನ ನಾಲ್ಕು ಎಕರೆ ಎರೆಹೊಲ. ಆ ಹೊಲದ ಬದುವಿನ ಮೇಲೆ, ನನ್ನ ಕಾರಿನ ಬಲಬಾಗಿಲ ಪಕ್ಕ ನಿಂತಿದ್ದೆ. ಹೋದ ಜನವರಿಯ ಒಂದು ಮಂಗಳವಾರ. ಮಧ್ಯಾಹ್ನ ಒಂದೂವರೆಗೆ ಎರಡೋ ಮೂರೋ ನಿಮಿಷ ಇತ್ತು.

ಬಲಬಾಗಿಲು ಎಂದು ಒತ್ತಿ ಹೇಳುತ್ತಿದ್ದೇನೆ. ಎಡಬಾಗಿಲ ಪಕ್ಕ ನಿಂತಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಇಷ್ಟು ದಿನ ಯಾಕೆ ಬರೆಯಲಿಲ್ಲ? ಬರೆಯಲು ಕೂತಾಗಲೆಲ್ಲ ಬಲಗಾಲು ತಾನಾಗಿ ಮೇಜಿನ ಕೆಳಗೆ ನೆಲವನ್ನು ಒತ್ತುತ್ತಿತ್ತು, ಬ್ರೇಕ್ ಒತ್ತಿದ ಹಾಗೆ. ಈಗಲೂ ಒತ್ತುತ್ತಿದೆ. ಆದರೆ ಓದುಗರ ಪತ್ರಗಳು ನಿಲ್ಲುತ್ತಿಲ್ಲ. ಕಾರನ್ನು ಎತ್ತರ ಮಾಡಿಸಿದ ಸಂಭ್ರಮವನ್ನು ಹೋದ ವರ್ಷ ಇದೇ ಅಂಕಣದಲ್ಲಿ ಬರೆದುಕೊಂಡಿದ್ದೆನಲ್ಲ? "ಎಲ್ಲಿ ಮಾಡಿಸಿದಿರಿ, ನಾವೂ ಮಾಡಿಸಬೇಕು" ಎಂದು ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ ಇನ್ನೂ ಕೇಳುತ್ತಿದ್ದಾರೆ. ಅರ್ಧ ಹೇಳಿ ಸುಮ್ಮನಿರುವುದು ತಪ್ಪು. ಉಳಿದರ್ಧ ಇದು.

ನನ್ನದು ಕಾಂಪ್ಯಾಕ್ಟ್ ಎಸ್‌ಯುವಿ. (ಹೆಸರಿಗೆ ಮಾತ್ರ. ಗದಗಿನ ಸ್ಪೀಡ್ ಬ್ರೇಕರ್ ಕಂಡರೂ ಹೆದರುತ್ತಿತ್ತು.) ಚಕ್ಕಡಿ ದಾರಿ ಎಂದರೆ ನಿಮಗೆ ಗೊತ್ತು. ಎತ್ತಿನ ಗಾಡಿಯ ಗಾಲಿ ಓಡಾಡಿ ಎರಡು ಆಳದ ಗೆರೆ, ನಡುವೆ ಉದ್ದಕ್ಕೂ ದಿಬ್ಬ. ಮಳೆಗಾಲದಲ್ಲಿ ರಾಡಿಯಾಗುವ ಎರೆಮಣ್ಣು ಚಳಿಗಾಲಕ್ಕೆ ಇಟ್ಟಿಗೆಯಾಗಿರುತ್ತದೆ. ಪ್ರತಿ ಸಲವೂ ಕಾರಿನ ಹೊಟ್ಟೆ ಆ ದಿಬ್ಬಕ್ಕೆ ಕರಕರ ಉಜ್ಜುತ್ತಿತ್ತು. ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

ಬೆಟಗೇರಿಯ ರಾಜೇಸಾಬ ಮಿಸ್ತ್ರಿ ಕಾರಿನ ಕೆಳಗೆ ತೂರಿ, ಟಾರ್ಚ್ ಬಿಟ್ಟು ನೋಡಿ ಹೊರಬಂದ.

"ಸರ, ಹೊಟ್ಟಿ ಪೂರಾ ಕೆರಕೊಂಡೈತಿ. ಹೊಲಕ್ಕ ಒಯ್ಯೂದರ ಬಿಡ್ರಿ, ಇಲ್ಲಾ ಎತ್ತರಾದರ ಮಾಡಸ್ರಿ."

"ಎಷ್ಟು ಎತ್ತರ ಮಾಡಬಹುದು?"

"ಸ್ಪ್ರಿಂಗ್ ಮ್ಯಾಲ ಸ್ಪೇಸರ್ ಕುಂಡ್ರಸ್ತೀನಿ. ಟಾಯರ್ ಒಂದ್ ಸೈಜ್ ದೊಡ್ಡದು ಹಾಕೂಣು. ಈಗ ಏಳೂವರಿ ಇಂಚ್ ಐತಿ, ಒಂಬತ್ತು ಆಕ್ಕೈತಿ. ಅದರ ಮ್ಯಾಲ ಕೇಳಬ್ಯಾಡ್ರಿ, ತಿರುವಿನ್ಯಾಗ ಪಲ್ಟಿ ಹೊಡಿತೈತಿ."

ಕೆಲಸ ಮುಗಿದು ಕೀಲಿ ಕೊಡುವಾಗ ಇನ್ನೊಂದು ಮಾತು ಹೇಳಿದ. "ಎತ್ತರ ಕುಂತಂಗ ಕಾರಿನ ಸುತ್ತಲಿನ ನೆಲ ಕಾಣೂದು ಕಮ್ಮಿ ಆಕ್ಕೈತ್ರಿ. ಲಕ್ಷ್ಯ ಇರ್ಲಿ."

ನಾನು ತಲೆಯಾಡಿಸಿದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಮಕ್ಕಳು ನನ್ನ ಮುಂದೆ ಹೀಗೇ ತಲೆಯಾಡಿಸುತ್ತಿದ್ದರು.

ಆ ಮಂಗಳವಾರ ಮೆಣಸಿನಕಾಯಿ ಬಿಡಿಸುವ ಕೆಲಸ ನಡೆದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹೋದೆ. ದಿಬ್ಬ ಎಲ್ಲಿಯೂ ತಾಗಲಿಲ್ಲ. ಕರಕರ ಇಲ್ಲ. ಆ ಖುಷಿಗೆ ಕಾರನ್ನು ನೇರವಾಗಿ ಬದುವಿಗೇ ಏರಿಸಿ, ಚಕ್ಕಡಿ ಬಿಟ್ಟಿದ್ದ ಜಾಗದ ಮಗ್ಗುಲಲ್ಲಿ ನಿಲ್ಲಿಸಿದೆ.

ಹೊಲವನ್ನು ಪಾಲಿಗೆ ಮಾಡುವ ಫಕ್ಕೀರಪ್ಪ ಕಾರಿಗೆ ಒಂದು ಸುತ್ತು ಬಂದ. "ಏನ್ರಿ ಸರ, ಕಾರಿಗೂ ಹರೇ ಬಂದಂಗ ಕಾಣತೈತಿ. ಒಮ್ಮಿಗೇ ಬೆಳದು ನಿಂತೈತಿ!"

ಹೆಂಗಸರು ನಕ್ಕರು. ನಾನು ಇನ್ನೂ ಉಬ್ಬಿದೆ. ಬಗ್ಗಿ, ಕಾರಿನ ಕೆಳಗೆ ಮೊಳಕೈವರೆಗೂ ತೋಳು ಚಾಚಿ, ಆಚೆ ಈಚೆ ಆಡಿಸಿ ತೋರಿಸಿದೆ. ತೋರಿಸುತ್ತಾ ಒಂದು ಮಾತು ಆಡಿದೆ. ಎಲ್ಲರೂ ಮತ್ತೆ ನಕ್ಕರು. ಆ ಮಾತನ್ನು ಆಮೇಲೆ ಬರೆಯುತ್ತೇನೆ. ಈಗ ಕೈ ಬರುತ್ತಿಲ್ಲ.

ಕೆಲಸಕ್ಕೆ ಬಂದವರಲ್ಲಿ ಶಾಂತವ್ವ ಎಂಬ ಹೆಣ್ಣುಮಗಳು ಐದು ತಿಂಗಳ ಮಗಳನ್ನು ಎತ್ತಿಕೊಂಡು ಬಂದಿದ್ದಳು. ಚಕ್ಕಡಿಯ ಕೆಳಗೆ ಕೌದಿ ಹಾಸಿ ಕೂಸನ್ನು ಮಲಗಿಸಿ ತನ್ನ ಸಾಲು ಹಿಡಿದಳು. ಇದರಲ್ಲಿ ವಿಶೇಷವೇನಿದೆ? ನಮ್ಮ ಎರೆಹೊಲಗಳಲ್ಲಿ ಕಣ್ಣು ಹಾಯುವ ತನಕ ಒಂದು ಮರ ಇರುವುದಿಲ್ಲ. ನೆರಳು ಎಂದರೆ ಚಕ್ಕಡಿಯ ನೆರಳು. ದೊಡ್ಡವರು ಅಲ್ಲೇ ಬುತ್ತಿ ಬಿಚ್ಚುತ್ತಾರೆ, ಕೂಸುಗಳು ಅಲ್ಲೇ ಮಲಗುತ್ತವೆ. ನಾನೂ ಮಲಗಿದವನೇ.

ಹನ್ನೆರಡರ ಸುಮಾರಿಗೆ ಫಕ್ಕೀರಪ್ಪನ ತಮ್ಮ ಮೊದಲ ಹೇರು ಹೇರಿಕೊಂಡು ಚಕ್ಕಡಿ ಹೊಡೆದುಕೊಂಡು ಊರಿಗೆ ಹೋದ. ಹೋಗುವುದನ್ನು ನಾನು ಕಂಡೆ. ಚಕ್ಕಡಿಯ ಜೊತೆ ನೆರಳೂ ಹೋಯಿತು ಎಂದು ನನಗೆ ಹೊಳೆಯಲಿಲ್ಲ. ಫಕ್ಕೀರಪ್ಪನ ಜೊತೆ ಹೊಲದ ಇನ್ನೊಂದು ತುದಿಗೆ, ಕುಸಿದ ಒಡ್ಡು ನೋಡಲು ನಡೆದೆ.

ಒಂದೂವರೆಗೆ, ಫಕ್ಕೀರಪ್ಪನನ್ನು ಹೆಂಗಸರ ಸಾಲುಗಳ ಹತ್ತಿರ ಬಿಟ್ಟು, ವಾಪಸ್ಸು ಬಂದೆ. ಬಲಬಾಗಿಲು ತೆರೆದು ಹತ್ತಿದೆ. ಗಾಜು ಏರಿಸಿದೆ, ಸ್ಟಾರ್ಟ್ ಮಾಡಿದೆ, ಎಸಿ ಹಾಕಿದೆ. ಬೆಲ್ಟ್ ಎಳೆದುಕೊಳ್ಳುವಾಗ ಮೊಬೈಲ್ ಮಿನುಗಿತು. ಯಾರೋ ಪುಣ್ಯಾತ್ಮರು ಗುಲಾಬಿ ಹೂವಿನ ಮೇಲೆ "ಶುಭ ಮುಂಜಾನೆ" ಎಂದು ಬರೆದು ಕಳಿಸಿದ್ದರು. ಮಧ್ಯಾಹ್ನ ಒಂದೂವರೆಗೆ! ಮನಸ್ಸಿನಲ್ಲೇ ಬೈದೆ. ಹಾಗೆ ಬೈಯುವುದರಲ್ಲಿ ಕಳೆದ ಅರ್ಧ ನಿಮಿಷಕ್ಕೆ ಈಗ ದಿನಾ ಕೈ ಮುಗಿಯುತ್ತೇನೆ.

ತಲೆ ಎತ್ತಿದೆ. ಎಡಗಡೆ ಸಾಲುಗಳಲ್ಲಿ ಹೆಂಗಸರು ಎದ್ದು ನಿಂತು ಕೈ ಬೀಸುತ್ತಿದ್ದರು. ಒಬ್ಬಳು ಓಡಿ ಬರುತ್ತಿದ್ದಳು. ಎಷ್ಟು ಪ್ರೀತಿ ಈ ಜನಕ್ಕೆ ಎಂದುಕೊಂಡೆ. ನಾನೂ ಕೈ ಬೀಸಿದೆ.

ಹೌದು, ಬೀಸಿದೆ. ನಗುತ್ತಾ ಬೀಸಿದೆ.

ಗೇರ್ ಹಾಕಿ ಕ್ಲಚ್ ಬಿಟ್ಟೆ. ಕಾರು ಮುಂದೆ ಸರಿಯಿತು. ಆಗ ಮುಂದಿನ ಗಾಜಿಗೆ ಏನೋ ದಪ್ಪೆಂದು ಬಡಿಯಿತು. ಗಾಜಿನ ತುಂಬ ಕೆಂಪು. ಬ್ರೇಕನ್ನು ಬಲವಾಗಿ ತುಳಿದೆ. ಎಂಜಿನ್ ಜಗ್ಗಿ ಬಂದ್ ಆಯಿತು. ಆ ಕೆಂಪು ರಕ್ತವಲ್ಲ, ಮೆಣಸಿನಕಾಯಿ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಓಡಿ ಬರುತ್ತಿದ್ದವಳು ಸೊಂಟದ ಮೇಲಿನ ತುಂಬಿದ ಬುಟ್ಟಿಯನ್ನೇ ಎತ್ತಿ ಎಸೆದಿದ್ದಳು. ಶಾಂತವ್ವ.

ಫಕ್ಕೀರಪ್ಪ ನನ್ನ ಕಡೆಯ ಗಾಜನ್ನು ಎರಡೂ ಕೈಯಿಂದ ಬಡಿಯುತ್ತಿದ್ದ. ಕೀಲಿ ತಿರುವಿ ಗಾಜು ಇಳಿಸಿದೆ.

"ಬ್ರೇಕ್ ಮ್ಯಾಗಿನ ಕಾಲ್ ತಗೀಬ್ಯಾಡ್ರಿ ಸರ! ಸತ್ರೂ ತಗೀಬ್ಯಾಡ್ರಿ!"

"ಯಾಕೋ? ಏನಾತು?"

"ಬುಡಕ ಕೂಸೈತ್ರಿ."

ಎರಡೇ ಪದ. ಹ್ಯಾಂಡ್ ಬ್ರೇಕ್ ಎಳೆದೆ. ಆದರೂ ಕಾಲು ತೆಗೆಯಲಿಲ್ಲ. ಹೆಂಗಸರು ಎಡಗಡೆ ನೆಲಕ್ಕೆ ಬಿದ್ದು ಕೈ ಹಾಕುವುದು ಕೇಳಿಸುತ್ತಿತ್ತು. ಕೂಸಿನ ದನಿ ಮಾತ್ರ ಇಲ್ಲ. ಎಷ್ಟು ಹೊತ್ತು? ಹತ್ತು ಸೆಕೆಂಡ್ ಎಂದು ಫಕ್ಕೀರಪ್ಪ ಹೇಳುತ್ತಾನೆ. ಇರಬಹುದು.

ಆಮೇಲೆ ಒಂದು ಸೀನು ಕೇಳಿಸಿತು. ಸಣ್ಣ ಸೀನು. ಮತ್ತೊಂದು. ಮೆಣಸಿನಕಾಯಿಯ ಘಾಟು ಕಾರಿನ ಕೆಳಗೂ ಹೊಕ್ಕಿತ್ತು.

ಇಳಿದು ನೋಡಿದೆ. ಮಣ್ಣಿನ ಮೇಲಿನ ಗುರುತಿನ ಪ್ರಕಾರ ಕಾರು ಎರಡೂವರೆ ಅಡಿ ಸರಿದಿತ್ತು. ಹಿಂದಿನ ಎಡಗಾಲಿ ಕೌದಿಯ ಅಂಚನ್ನು ಏರಿ ನಿಂತಿತ್ತು. ಗಾಲಿಯಿಂದ ಕೂಸಿನ ತಲೆ ಇದ್ದ ಜಾಗಕ್ಕೆ ಒಂದು ಗೇಣು, ಅದರಲ್ಲೂ ಎರಡು ಬೆರಳು ಕಡಿಮೆ. ನಾನೇ ಗೇಣು ಹಾಕಿ ಅಳೆದೆ. ಯಾಕೆ ಅಳೆದೆ? ಗೊತ್ತಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಶಾಂತವ್ವ ಕೂಸನ್ನು ಎದೆಗೆ ಅವುಚಿಕೊಂಡು ಕುಸಿದು ಕೂತಿದ್ದಳು. ನನ್ನನ್ನು ಹಿಡಿದು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅಂದದ್ದು ಇದು:

"ತಪ್ಪಾತ್ರಿ ಸರ. ಚಕ್ಕಡಿ ಹೋತು, ಬಿಸಲ ಬಿತ್ತು. ನೀವ ಮುಂಜಾನಿ ಅಂದ್ರೆಲ್ರಿ, ಒಂದು ಕೂಸು ಆರಾಮ ಮಲಗತೈತಿ ಬುಡಕ ಅಂತ. ಖರೆ ಅನಕೊಂಡೆ."

ಇದೇ ಆ ಮಾತು. "ನೋಡ್ರಿ ಹೆಂಗ ಎತ್ತರ ಆಗೇತಿ, ಒಂದು ಕೂಸು ಆರಾಮ ಮಲಗತೈತಿ ಬುಡಕ." ಬೆಳಿಗ್ಗೆ, ತೋಳು ಆಡಿಸುತ್ತಾ ನಾನೇ ಅಂದದ್ದು. ಎಲ್ಲರೂ ನಕ್ಕಿದ್ದರು. ಅವಳು ನೆನಪಿಟ್ಟುಕೊಂಡಿದ್ದಳು. ಮಾಸ್ತರ ಹೇಳಿದ ಮಾತಲ್ಲವೇ?

ಎಪ್ಪತ್ತು ದಾಟಿದ ಗಂಗವ್ವ ಅಷ್ಟರಲ್ಲಿ ಸಾಲು ದಾಟಿ ಏದುಸಿರು ಬಿಡುತ್ತಾ ಬಂದಳು. ಅವಳು ಯಾರಿಗೂ ಸೊಪ್ಪು ಹಾಕುವವಳಲ್ಲ.

"ಏನ್ರಿ ಮಾಸ್ತರ, ಕಾರ್ ಚಕ್ಕಡಿಯಷ್ಟು ಎತ್ತರ ಮಾಡ್ಕೊಂಡ್ರಿ. ಹೂಡೂಕಿಂತ ಮೊದ್ಲ ಬಗ್ಗಿ ನೋಡಬೇಕಂತ ನಿಮ್ಮಪ್ಪ ಕಲಿಸಿದ್ದಿಲ್ಲೇನು?"

ಕಲಿಸಿದ್ದ. ಅದೇ ನನ್ನನ್ನು ಈ ತನಕ ಬಿಟ್ಟಿಲ್ಲ. ನಮ್ಮಪ್ಪ ನೊಗ ಎತ್ತುವ ಮುಂಚೆ ಪ್ರತಿ ಸಲ ಮೊಳಕಾಲೂರಿ ಬಗ್ಗಿ, "ಬುಡಕ ಯಾರದೀರಿ?" ಎಂದು ಕೂಗುತ್ತಿದ್ದ. ಯಾರೂ ಇಲ್ಲವೆಂದು ಕಣ್ಣಿಗೆ ಕಾಣುತ್ತಿದ್ದರೂ ಕೂಗುತ್ತಿದ್ದ. ಈ ಸೀಮೆಯಲ್ಲಿ ಚಕ್ಕಡಿ ಹೂಡುವವರೆಲ್ಲ ಕೂಗುತ್ತಾರೆ. ಆಮೇಲೆ ಎತ್ತು ಬರಬೇಕು, ಕೊರಳಿಗೆ ನೊಗ ಏರಬೇಕು, ಹಗ್ಗ ಬಿಗಿಯಬೇಕು. ಮಲಗಿದ ಕೂಸನ್ನು ಎತ್ತಿಕೊಳ್ಳಲು ತಾಯಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಶಾಂತವ್ವ ಆ ಲೆಕ್ಕದ ಮೇಲೆಯೇ ಮಲಗಿಸಿದ್ದಳು. ನಾನು ಒಂದು ಕೀಲಿ ತಿರುವಿದೆ.

ಎರಡು ದಿನ ಬಿಟ್ಟು ಬೆಟಗೇರಿಗೆ ಹೋಗಿ, ಸ್ಪೇಸರ್ ಬಿಚ್ಚು ಎಂದೆ. ಯಾಕೆಂದು ಕೇಳಿದ. ಹೇಳಿದೆ. ರಾಜೇಸಾಬ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಬಿಚ್ಚತೀನ್ರಿ. ಆದ್ರ ಏಳೂವರಿ ಇಂಚಿನ ಬುಡಕ ನಾಯಿ ಮಲಗಂಗಿಲ್ಲೇನು? ಬೆಕ್ಕು? ಕಾರು ಇಳಸೂದಲ್ರಿ ಸರ. ನೀವು ಇಳೀರಿ, ಇಳದು ನೋಡ್ರಿ."

ಸ್ಪೇಸರ್ ಹಾಗೇ ಇದೆ. ದಾರಿ ಹಾಗಿದೆಯಲ್ಲ, ಏನು ಮಾಡುವುದು? ಆದ್ದರಿಂದ ಪತ್ರ ಬರೆದವರೇ, ಎತ್ತರ ಮಾಡಿಸಿಕೊಳ್ಳುವುದಿದ್ದರೆ ಮಾಡಿಸಿಕೊಳ್ಳಿ. ಆದರೆ ಹತ್ತುವ ಮುಂಚೆ ನಾಲ್ಕೂ ಕಡೆ ಸುತ್ತಿ, ಮೊಳಕಾಲೂರಿ ನೋಡಿ. ನಾನು ನೋಡುತ್ತೇನೆ. ನೋಡಿ ಕೂಗುತ್ತೇನೆ ಕೂಡ. ಗದಗಿನ ಮಾರ್ಕೆಟ್ಟಿನಲ್ಲಿ "ಬುಡಕ ಯಾರದೀರಿ?" ಎಂದು ಕೂಗಿದಾಗ ಜನ ನಿಂತು ನಗುತ್ತಾರೆ. (ಹೆಂಡತಿ ಆಗ ನನ್ನ ಪರಿಚಯ ಇಲ್ಲದವಳಂತೆ ನಿಲ್ಲುತ್ತಾಳೆ.) ನಗಲಿ.

ಇದರಲ್ಲಿ ನಾನು ಏನನ್ನೂ ಹೆಚ್ಚಿಸಿಲ್ಲ, ಮುಚ್ಚಿಟ್ಟಿಲ್ಲ. ಅನುಮಾನ ಇದ್ದವರು ಕಂಡವರನ್ನು ಕೇಳಬಹುದು. ಫಕ್ಕೀರಪ್ಪ ಇದ್ದಾನೆ, ಈ ಸಲ ಅದೇ ಹೊಲದಲ್ಲಿ ಕಡಲೆ ಬಿತ್ತಿದ್ದಾನೆ. ಗಂಗವ್ವ ಇದ್ದಾಳೆ. ಈಗ ಒಂದು ಕಣ್ಣಿಗೆ ಪೊರೆ ಬಂದಿದೆ, ಅಂದು ಎರಡೂ ಚೆನ್ನಾಗಿದ್ದವು. ಶಾಂತವ್ವ ಇದ್ದಾಳೆ, ಗಾಲಿಯ ಗುರುತು ಬಿದ್ದ ಕೌದಿಯನ್ನು ಇನ್ನೂ ಒಗೆದಿಲ್ಲವಂತೆ. ನಾಲ್ಕನೆಯವಳ ಹೆಸರು ರೇಣುಕಾ. ಅವಳು ಏನನ್ನೂ ಕಾಣಲಿಲ್ಲ, ನಿದ್ದೆಯಲ್ಲಿದ್ದಳು.

ಅವಳೂ ಇದ್ದಾಳೆ.