ಜ್ವರದವರ ಸಾಲು

ಮೊನ್ನೆ ಹಳಿಯಾಳದ ಅಂಚೆ ಕಚೇರಿಯ ಕಿಟಕಿಯಲ್ಲಿ ಒಂದು ಪೆನ್ನು ನೋಡಿದೆ. ಅದಕ್ಕೆ ದಾರ ಕಟ್ಟಿ ಮೊಳೆಗೆ ಬಿಗಿದಿದ್ದರು. ನಿಮ್ಮೂರಿನ ಕಚೇರಿಯಲ್ಲೂ ಇಂಥದೊಂದು ಇದ್ದೇ ಇರುತ್ತದೆ. ನಾನು ಅದನ್ನು ಮುಟ್ಟಲಿಲ್ಲ. ಜೇಬಿನಿಂದ ನನ್ನದೇ ಪೆನ್ನು ತೆಗೆದು ಸಹಿ ಹಾಕಿದೆ. ಪಕ್ಕದಲ್ಲಿದ್ದ ಹೆಂಡತಿ, "ಕೊರೊನಾ ಹೋಗಿ ಎಷ್ಟು ವರ್ಷ ಆತು, ನಿಮ್ಮ ಮಡಿ ಇನ್ನೂ ಮುಗಿದಿಲ್ಲ ನೋಡ್ರಿ" ಎಂದಳು. ಅದು ಮಡಿಯಲ್ಲ, ನಾಚಿಕೆ. ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಹೋದ ವರ್ಷ ನಿವೃತ್ತನಾಗುವ ತನಕ ನಾನು ದಾಂಡೇಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತನಾಗಿದ್ದೆ. ಕಾಗದ ಸುತ್ತುವ ರಟ್ಟಿನ ಕೊಳವೆ ಮಾಡುವ ಕಾರ್ಖಾನೆ ಅದು. ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆಯುವುದಷ್ಟೇ ನನ್ನ ಕೆಲಸ. ಆದರೆ ಕಿಟಕಿಯ ಹಿಂದೆ ಕೂತವನಿಗೆ ಕ್ರಮೇಣ ತಾನು ನ್ಯಾಯಾಧೀಶ ಎನ್ನಿಸತೊಡಗುತ್ತದೆ. ಜ್ವರ ಬಂದವನ ಅಕ್ಷರ ನಡುಗಿರಬೇಕು ಎಂಬುದು ನನ್ನ ಸಿದ್ಧಾಂತ. ದುಂಡಗೆ ಬರೆದ ಅರ್ಜಿ ಬಂದರೆ ಪಕ್ಕಕ್ಕಿಡುತ್ತಿದ್ದೆ. ಮದುವೆಯ ದಿನಗಳಲ್ಲಿ ಏಳುವ ಹೊಟ್ಟೆನೋವು, ಬಿತ್ತನೆಯ ಹೊತ್ತಿಗೆ ಹಿಡಿಯುವ ಬೆನ್ನುನೋವು ಎಲ್ಲ ನನಗೆ ಬಾಯಿಪಾಠ. ಕೊನೆಗೆ ಒಂದು ನಿಯಮವನ್ನೇ ಮಾಡಿಬಿಟ್ಟೆ: ಕಾಯಿಲೆಯ ರಜೆ ಬೇಕಾದವರು ಖುದ್ದಾಗಿ ಬಂದು ನನ್ನ ಕಿಟಕಿಯಲ್ಲೇ ಸಹಿ ಮಾಡಬೇಕು. ಮುಖ ನೋಡಿದರೆ ಸಾಕು, ನನಗೆ ತಿಳಿಯುತ್ತದೆ ಎಂಬ ಗರ್ವ.

ಆಮೇಲೆ ಕೊರೊನಾ ಬಂತು. ಜ್ವರ ಬಂದವರು ಮನೆಯಲ್ಲೇ ಇರಲಿ, ಸಂಬಳ ಹಿಡಿಯುವುದಿಲ್ಲ ಎಂದು ಮಾಲೀಕರು ಹೇಳಿದರು. ನಾನು ಹುಮ್ಮಸ್ಸಿನಿಂದ ಟೊಂಕ ಕಟ್ಟಿ ನಿಂತೆ. ಗೇಟಿನ ಮುಂದೆ ಸುಣ್ಣದಲ್ಲಿ ವೃತ್ತ ಬರೆಸಿದೆ. ಹಣೆಗೆ ಹಿಡಿದು ಜ್ವರ ನೋಡುವ ಯಂತ್ರ ತರಿಸಿದೆ. ಊಟದ ಹೊತ್ತಿನ ಕೂಟ ಮುರಿಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಧಾರವಾಡ, ಬೆಳಗಾವಿ ಕಡೆಯವರೇ ಹೆಚ್ಚು. ಒಬ್ಬರ ಡಬ್ಬಿಯ ರೊಟ್ಟಿಗೆ ಇನ್ನೊಬ್ಬರ ಡಬ್ಬಿಯ ಪಲ್ಯ ಆಗಬೇಕು. "ಶೇಂಗಾ ಚಟ್ನಿ ಕೊಡಾಕೂ ನಿಮ್ಮ ಪರವಾನಗಿ ಬೇಕೇನ್ರಿ?" ಎಂದು ಕೇಳಿದವರಿದ್ದರು. ಬೇಕು ಎಂದೆ.

ಇಷ್ಟೆಲ್ಲ ಮಾಡಿದವನಿಗೆ ಆ ಹಳೆಯ ನಿಯಮ ತೆಗೆಯಬೇಕೆಂದು ಮಾತ್ರ ಹೊಳೆಯಲೇ ಇಲ್ಲ. ಜ್ವರದವರು ಕಾರ್ಖಾನೆಗೆ ಬರಕೂಡದು. ಬರುವುದಿಲ್ಲ ಎಂದು ಬರೆದುಕೊಡಲು ಕಾರ್ಖಾನೆಗೆ ಬರಬೇಕು. ದಿನಾ ಬೆಳಿಗ್ಗೆ ಹತ್ತಕ್ಕೆ ನನ್ನ ಕಿಟಕಿಯ ಮುಂದೆ ಕೆಮ್ಮುವವರದೊಂದು ಸಾಲು. ಅವರಿಗೆಲ್ಲ ಒಂದೇ ಪೆನ್ನು, ಯಾರೂ ಒಯ್ಯಬಾರದೆಂದು ನಾನೇ ದಾರ ಕಟ್ಟಿದ್ದು. ಗಾಜಿನ ಈಚೆ ನಾನು ಎರಡು ಮಾಸ್ಕ್ ಹಾಕಿಕೊಂಡು ಕೂತಿರುತ್ತಿದ್ದೆ.

ಕೊಳವೆ ಕತ್ತರಿಸುವ ಮಷಿನ್ನಿನಲ್ಲಿ ಫಕ್ಕೀರಪ್ಪ ಎಂಬವರಿದ್ದರು. ಮುಂಡಗೋಡ ತಾಲೂಕಿನ ಇಂದೂರಿನವರು, ದಾಂಡೇಲಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು, ಐವತ್ತು ದಾಟಿದವರು. ಅವರು ರಜೆ ಕೇಳಿದ್ದು ನನಗೆ ನೆನಪಿಲ್ಲ. ನಮ್ಮಲ್ಲಿ ಮುಂದಿನ ಪಾಳಿಯವನು ಬಂದು ಮಷಿನ್ ಹಿಡಿಯುವ ತನಕ ಹಿಂದಿನವನು ಬಿಟ್ಟು ಹೋಗುವಂತಿಲ್ಲ. ಒಬ್ಬ ತಪ್ಪಿಸಿದರೆ ಇನ್ನೊಬ್ಬನಿಗೆ ಎರಡು ಪಾಳಿ. ಆ ಸಂಕೋಚಕ್ಕೇ ಅವರು ಮೈ ಸರಿಯಿಲ್ಲದಾಗಲೂ ಬರುತ್ತಿದ್ದರು. ಅಂಥವರು ಒಂದು ದಿನ ಫೋನ್ ಮಾಡಿದರು.

"ಸರ, ನಿನ್ನೆ ಮಳ್ಯಾಗ ತೊಯ್ಸಿಕೊಂಡೆ. ಮೈ ಬೆಚ್ಚಗ ಆಗೇತ್ರಿ. ನಾಲ್ಕು ದಿನ ರಜಾ ಬೇಕಾಗಿತ್ತು."

"ಬಂದು ಸಹಿ ಮಾಡಿ ಹೋಗ್ರಿ ಫಕ್ಕೀರಪ್ಪಾರ."

"ಏಳಾಕ ಆಗವಲ್ದು. ಮಗಳ ಕೈಯಾಗ ಅರ್ಜಿ ಕಳಿಸಿದ್ರ ನಡಿಯೂದಿಲ್ಲೇನ್ರಿ?"

"ನಿಯಮ ಎಲ್ಲಾರಿಗೂ ಒಂದ ರೀ."

"ಹಂಗಾದ್ರ ಬರ್ತೇನಿ ಬಿಡ್ರಿ" ಎಂದರು.

ಆಟೋಗಳು ಓಡುತ್ತಿರಲಿಲ್ಲ, ನಡೆದೇ ಬಂದರು. ಮುಕ್ಕಾಲು ತಾಸು ಸಾಲಿನಲ್ಲಿ ನಿಂತರು. ಅವರ ಮುಂದಿದ್ದವನು ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡಿದ್ದ. ಅವನ ಕೈಯಿಂದಲೇ ಪೆನ್ನು ಇವರ ಕೈಗೆ ಬಂತು. ನಾನು ಮುಖ ನೋಡಿ, ಇದು ನಿಜವಾದ ಜ್ವರವೇ ಎಂದು ತೀರ್ಪು ಕೊಟ್ಟು ಕಳಿಸಿದೆ. ಆ ದಿನವೇ ಅವರು ಮಾಡಿಸಿದ ಪರೀಕ್ಷೆಯಲ್ಲಿ ಕೊರೊನಾ ಇಲ್ಲ ಎಂದೇ ಬಂತು. ವಾರದೊಳಗೆ ಉಸಿರು ಕಟ್ಟಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಆಮ್ಲಜನಕದ ಮೇಲಿದ್ದರು. ಸಾಲಿನಲ್ಲೇ ಅಂಟಿತು ಎಂದು ಖಚಿತವಾಗಿ ಯಾರೂ ಹೇಳಲಾರರು. ನಾನಂತೂ ಹಾಗೆಯೇ ನಂಬಿದ್ದೇನೆ.

ಅವರು ಆಸ್ಪತ್ರೆ ಸೇರಿದ ದಿನ ನಿಯಮ ತೆಗೆದೆ. ಫೋನ್ ಮಾಡಿದರೆ ಸಾಕು ಎಂದು ಬೋರ್ಡಿನಲ್ಲಿ ಬರೆದೆ. ನಾನು ಹೆದರಿದ ಹಾಗೆ ಹೊಟ್ಟೆನೋವು, ಬೆನ್ನುನೋವುಗಳೇನೂ ಹೆಚ್ಚಲಿಲ್ಲ. ಫಕ್ಕೀರಪ್ಪ ಬದುಕಿ ಬಂದರು, ಆದರೆ ಕೊಳವೆಯ ಕಟ್ಟು ಎತ್ತುವ ಶಕ್ತಿ ಬರಲಿಲ್ಲ. ಕೆಲಸ ಬಿಟ್ಟು ಇಂದೂರಿಗೆ ಹೋದರು. ಹೋಗಿ ಮಾತಾಡಿಸುವ ಧೈರ್ಯ ಮೊನ್ನೆಯ ತನಕ ನನಗಾಗಿರಲಿಲ್ಲ.

ಅಂಚೆ ಕಚೇರಿಯಿಂದ ಹೊರಬಂದ ಮೇಲೆ ಹೆಂಡತಿ ಅಲ್ಲೇ ಹಳಿಯಾಳದಲ್ಲಿರುವ ಅಕ್ಕನ ಮನೆಗೆ ಹೋದಳು. ನಾನು ದಾಂಡೇಲಿಗೆ ಮರಳುವ ಬಸ್ಸು ಬಿಟ್ಟು, ಕಲಘಟಗಿ ಮೇಲೆ ಹಾಯ್ದು ಇಂದೂರಿಗೆ ಹೋದೆ.

ಫಕ್ಕೀರಪ್ಪ ಮನೆಯ ಮುಂದೆ ರಸ್ತೆಯ ಅಂಚಿನಲ್ಲಿ ಗೋವಿನಜೋಳ ಹರವಿಕೊಂಡು, ಕೋಳಿ ಬರದಂತೆ ಕಾಯುತ್ತ ಕೂತಿದ್ದರು. "ಏ, ಸರ ಬಂದಾರ, ಚಾ ಇಡು" ಎಂದು ಒಳಗೆ ಕೂಗಲು ಹೋಗಿ ಅರ್ಧಕ್ಕೇ ಉಸಿರು ತೆಗೆದುಕೊಂಡರು. ನಾನು ಸುತ್ತುಬಳಸಿ ಮಾತಾಡಲಿಲ್ಲ. "ಅವತ್ತು ನಾ ನಿಮ್ಮನ್ನ ಕರೀಬಾರದಿತ್ತು. ನನ್ನಿಂದ ತಪ್ಪಾತ್ರಿ" ಎಂದೆ.

ಅವರು ಜೋಳದಿಂದ ಒಂದು ಕಲ್ಲು ಆರಿಸಿ ಎಸೆದರು.

"ನೀವು ಕರದ್ರಿ ಅಂತ ಬಂದಿದ್ದಿಲ್ರಿ ನಾ. ಡ್ಯೂಟಿಗೇ ಹೊಂಟಿದ್ದೆ. ಹಿಂದಿನ ಪಾಳಿಯಂವ ದಣದಿರ್ತಾನ, ಹೋಗಿ ಬಿಡಿಸೂಣು ಅಂತ. ನೀವು ಮಾರಿ ನೋಡಿ ಮನಿಗೆ ಕಳಿಸಿದ್ರಿ. ಇಲ್ಲಾಂದ್ರ ಒಳಗ ಹೋಗಿ ನಾಕು ಮಂದಿಗೆ ಹಚ್ಚತಿದ್ದೆ. ಛಲೋನ ಮಾಡಿದ್ರಿ."

ಬೇರೆ ಯಾರಾದರೂ ನಂಬಿಬಿಡುತ್ತಿದ್ದರು. ಆದರೆ ಫೋನಿನಲ್ಲಿ ಮಾತಾಡಿದವನು ನಾನೇ. ಅವರ ಪಾಳಿ ಶುರುವಾಗುತ್ತಿದ್ದದ್ದು ಬೆಳಿಗ್ಗೆ ಆರಕ್ಕೆ. ಹತ್ತು ದಾಟಿದ ಮೇಲೆ, ಹವಾಯಿ ಚಪ್ಪಲಿಯಲ್ಲಿ, ಮಗಳ ಹೆಗಲು ಹಿಡಿದುಕೊಂಡು ಅವರು ಬಂದದ್ದನ್ನು ನೋಡಿದವನೂ ನಾನೇ. ಅಷ್ಟು ವರ್ಷ ಜನರ ಸುಳ್ಳು ಹಿಡಿದೇ ಸಂಬಳ ತಿಂದವನ ಮುಂದೆ ಅವರು ಕೂತು ಸುಳ್ಳು ಹೇಳುತ್ತಿದ್ದರು, ಅದೂ ನನ್ನ ಸಮಾಧಾನಕ್ಕೆ. "ಹೌದೇನ್ರಿ" ಎಂದೆ, ಅಷ್ಟೇ.

ಚಹಾ ಆಯಿತು. ದೂರದಲ್ಲಿ ಬಸ್ಸು ಕಂಡಾಗ ನಿಲ್ದಾಣದ ತನಕ ಕಳಿಸಿಬರುತ್ತೇನೆಂದು ಎದ್ದವರು ನಾಲ್ಕು ಹೆಜ್ಜೆಗೇ ಮೊಣಕಾಲ ಮೇಲೆ ಕೈಯೂರಿ ನಿಂತರು.

"ನೀವು ಮುಂದ ನಡೀರಿ ಸರ, ಬಸ್ ತಪ್ಪತೈತಿ. ನಾ ಹಿಂದಿಂದ ಬರ್ತೇನಿ."

ನಾನು ಹೋಗಲಿಲ್ಲ. ಅವರ ಉಸಿರು ಹಿಡಿತಕ್ಕೆ ಬರುವಷ್ಟರಲ್ಲಿ ಬಸ್ಸು ನಮ್ಮನ್ನು ದಾಟಿ ಹೋಗಿತ್ತು. ಇಬ್ಬರೂ ವಾಪಸು ಬಂದು ಜೋಳದ ಪಕ್ಕದಲ್ಲಿ ಕೂತೆವು.