ಸಪ್ಪೆ ಸಾರು

ನನ್ನ ತಮ್ಮನನ್ನು ಹಾಳು ಮಾಡಿದ್ದು ಅವನ ಕಾಯಿಲೆಯಲ್ಲ, ನಾನು ಮಾಡಿದ ಸಪ್ಪೆ ಸಾರು. ಯಾರ ಮುಂದೆ ಹೇಳಿದರೂ “ಬಿಡ್ರೀ, ಹಣೆಬರಹ” ಅನ್ನುತ್ತಾರೆ. ಆ ಹಣೆಬರಹಕ್ಕೆ ಒಗ್ಗರಣೆ ಹಾಕಿದವಳು ನಾನು, ನನಗೆ ಗೊತ್ತಿಲ್ಲವೇ?

ನಾವಿರುವುದು ಬಾಗಲಗುಂಟೆಯಲ್ಲಿ. ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸ ಮಾಡುತ್ತಿದ್ದ. ವಾರಗಟ್ಟಲೆ ನಿದ್ದೆಯಿಲ್ಲದೆ ಹಾರಾಡುವುದು, ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗುವುದು, ಇದು ಅವನ ಕಾಯಿಲೆ. ಲಿಥಿಯಂ ಮಾತ್ರೆ ಶುರುವಾದ ಮೇಲೆ ಆರು ವರ್ಷ ಎಲ್ಲರಂತೆ ಇದ್ದ. ನೀರು ಚೆನ್ನಾಗಿ ಕುಡಿಯಬೇಕು, ಉಪ್ಪು ಕಮ್ಮಿ ಮಾಡಬಾರದು, ಕೇಳದೆ ನೋವಿನ ಮಾತ್ರೆ ನುಂಗಬಾರದು, ರಕ್ತಪರೀಕ್ಷೆ ತಪ್ಪಿಸಬಾರದು ಎಂದು ಡಾಕ್ಟರು ಪ್ರತಿ ಸಲ ಹೇಳುತ್ತಿದ್ದರು. ನಾನು ಕೋಲೆಬಸವನ ಹಾಗೆ ತಲೆಯಾಡಿಸಿ ಬರುತ್ತಿದ್ದೆ.

ಅಮ್ಮನಿಗೆ ಅವನ ಮದುವೆಯ ಚಿಂತೆ. ಅವನು ನಲವತ್ತೆಂಟು ದಿನ ಉಪ್ಪಿಲ್ಲದ ಊಟ ಮಾಡುತ್ತಾನೆಂದು ಮನೆದೇವರಿಗೆ ಹರಕೆ ಹೊತ್ತಳು.

“ಮಾತ್ರೆ ಬಿಡ್ಸಲ್ಲ ಕಣೇ, ಉಪ್ಪು ತಾನೇ,” ಅಂದಳು.

ಡಾಕ್ಟರ ಮಾತು ನನಗೆ ನೆನಪಾಯಿತು. ದೇವರ ಹೆಸರಲ್ಲಿ ಬಿಟ್ಟರೆ ಏನಾಗುತ್ತದೆ ಅಂದುಕೊಂಡೆ. ಉಪ್ಪು ಹಾಕುವ ಮೊದಲೇ ಅವನ ಸಾರನ್ನು ಬೇರೆ ಪಾತ್ರೆಗೆ ತೆಗೆದಿಡತೊಡಗಿದೆ.

ಬಿರುಬೇಸಿಗೆ. ಮೂರನೇ ವಾರ ಅವನ ಕೈಯಲ್ಲಿ ಕಾಫಿ ಲೋಟ ನಡುಗಿತು. ಆಮೇಲೆ ವಾಂತಿ, ಭೇದಿ. “ವ್ರತದ ಉಷ್ಣ, ಇಳಿಯುತ್ತೆ,” ಅಂದಳು ಅಮ್ಮ. ನಾನು ನಿಂಬೆ ಪಾನಕ ಮಾಡಿಕೊಟ್ಟೆ, ಅದಕ್ಕೂ ಉಪ್ಪು ಹಾಕದೆ.

“ಅಕ್ಕಾ, ನಾಲಿಗೆ ತಿರುಗ್ತಿಲ್ಲ ಕಣೇ,” ಎಂದು ತೊದಲಿದ. ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋಗುತ್ತಾ ಕುಡಿದವನಂತೆ ವಾಲಿ ಬಿದ್ದ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

ರಕ್ತ ಪರೀಕ್ಷಿಸಿದ ಡಾಕ್ಟರು ನನ್ನನ್ನು ಹೊರಗೆ ಕರೆದರು. “ಲಿಥಿಯಂ ಕೂಡ ಒಂಥರಾ ಉಪ್ಪೇ ಅಮ್ಮ. ಊಟದ ಉಪ್ಪು ಕಮ್ಮಿಯಾದ್ರೆ ಕಿಡ್ನಿ ಇದನ್ನ ಹೊರಗೆ ಬಿಡದೆ ಹಿಡ್ಕೊಳ್ಳುತ್ತೆ. ಅದೇ ಮಾತ್ರೆ, ಅಷ್ಟೇ ಡೋಸ್, ಆದ್ರೆ ರಕ್ತದಲ್ಲಿ ಏರಿ ಏರಿ ವಿಷವಾಗಿದೆ. ಕೈ ನಡುಗಿದ ದಿನಾನೇ ಕರ್ಕೊಂಡು ಬರಬೇಕಿತ್ತು.”

ಡಯಾಲಿಸಿಸ್ ಮಾಡಿ ಜೀವ ಉಳಿಸಿದರು. ನಡುಕ ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲವಂತೆ. ಆ ಮಾತ್ರೆ ನಿಂತಿತು. ಬೇರೆ ಮಾತ್ರೆಗಳು ಅವನಿಗೆ ಅಷ್ಟು ಹಿಡಿಯಲಿಲ್ಲ. ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಲೇತ್ ಮುಟ್ಟುವ ಹಾಗಿಲ್ಲ. ಮದುವೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಈಗ ಅಮ್ಮ ಅವನ ತಟ್ಟೆಗೆ ಎಲ್ಲಕ್ಕಿಂತ ಮೊದಲು ಉಪ್ಪು ಬಡಿಸುತ್ತಾಳೆ. ಚಿಟಿಕೆ ಹಿಡಿಯಲು ಹೋದರೆ ಅದು ಅವನ ಬೆರಳಿಂದ ನೆಲಕ್ಕೆ ಉದುರುತ್ತದೆ. ನಾನು ಗುಡಿಸುತ್ತೇನೆ.